ಒಳಗಿನ ಖೋಲಿಯ ಕಿಟಕಿ

ಆಗ ನನಗೆ ಇಪ್ಪತ್ತಾರು. ಮೂವತ್ತೊಂಬತ್ತು ವರ್ಷದ ಹಿಂದಿನ ಮಾತು. ಹೊಟ್ಟೆಯಲ್ಲಿ ನಾಲ್ಕು ತಿಂಗಳ ಕೂಸಿತ್ತು. ಎದೆಯಲ್ಲಿ ಇನ್ನೂ ಏನೂ ಇರಲಿಲ್ಲ. ಎದೆಗೆ ಬಂದದ್ದು ಆಮೇಲೆ. ಅದೂ ತಾನಾಗಿ ಬರಲಿಲ್ಲ, ನನ್ನನ್ನು ಒಯ್ದು ಅದರ ಎದುರಿಗೆ ಕೂಡ್ರಿಸಿದರು. ಅದನ್ನು ಬರೆಯಬೇಕೆಂದೇ ಕುಳಿತಿದ್ದೇನೆ. ನಾನು ಕಲಿತದ್ದು ಎರಡನೇ ಇಯತ್ತೆ. ಅಕ್ಷರ ಜೋಡಿಸುವಷ್ಟು ಬರುತ್ತದೆ. ಕಾಗುಣಿತ ಮೊಮ್ಮಗಳು ತಿದ್ದಿದ್ದಾಳೆ. ಮಾತನ್ನೂ ತಿದ್ದಲು ಬಂದಿದ್ದಳು, ಅದು ಬೇಡ ಅಂದೆ.

ಟಿಬಿ ಆದವರು ಇವತ್ತಿಗೂ ಬಾಯಿ ಬಿಟ್ಟು ಹೇಳುವುದಿಲ್ಲ. ಕೆಮ್ಮಿತ್ತು ಅನ್ನುತ್ತಾರೆ, ನಿಶ್ಶಕ್ತಿ ಆಗಿತ್ತು ಅನ್ನುತ್ತಾರೆ. ನನಗೆ ಟಿಬಿ ಆಗಿತ್ತು. ಬಸುರಿಯಿದ್ದಾಗ ಆಗಿತ್ತು. ಕೆಲಸದ ಜಾಗದಲ್ಲಿ ಹತ್ತಿತ್ತು. ಇದನ್ನು ಓದುವವಳು ಯಾವಳಾದರೂ ಗುಳಿಗೆಯ ಪೊಟ್ಟಣ ಸೆರಗಿನಲ್ಲಿ ಮುಚ್ಚಿಕೊಂಡು ಕುಳಿತಿದ್ದರೆ ಅವಳಿಗೆ ಹೇಳುತ್ತೇನೆ: ಮುಚ್ಚಿಕೊಳ್ಳಬೇಕಾದವಳು ನೀನಲ್ಲ.

ನಮ್ಮದು ಅಕ್ಕೋಳ. ನಮ್ಮವರು ಬಡಿಗೇರರ ಅಂಗಡಿಯಲ್ಲಿ ಕಬ್ಬಿನ ಬಂಡಿಗಳಿಗೆ ಹಲಗೆ ಕೂಡಿಸುವ ಕೆಲಸಕ್ಕಿದ್ದರು. ನಾನು ಊರಿನ ಹೆಂಗಸರ ಜೊತೆ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ನಿಪ್ಪಾಣಿಯ ತಂಬಾಕಿನ ವಖಾರಿಗೆ ನಡೆಯುತ್ತಿದ್ದೆ. ವಖಾರೆಂದರೆ ದೊಡ್ಡ ಪಡಸಾಲೆಯಂಥ ಗೋದಾಮು. ಒಣಗಿದ ತಂಬಾಕನ್ನು ಬಡಿದು ಪುಡಿ ಮಾಡಿ ಜರಡಿ ಹಿಡಿಯುವುದು ನಮ್ಮ ಕೆಲಸ. ಮೂಗು ಬಾಯಿಗೆ ಅರಿವೆ ಕಟ್ಟಿಕೊಂಡರೂ ಘಾಟು ಗಂಟಲಿಗೆ ಇಳಿಯುತ್ತಿತ್ತು. ಅಲ್ಲಿ ಕೆಮ್ಮದವರೇ ಇರಲಿಲ್ಲ. ಹೊಸ ಹುಡುಗಿ ಬಂದು ಮೊದಲ ವಾರ ಕೆಮ್ಮಿ ಕಣ್ಣೀರು ಸುರಿಸಿದಳೆಂದರೆ ಎಲ್ಲರೂ ನಗುತ್ತಿದ್ದರು. “ತಂಬಾಕ ಹತ್ತೇತಿ ಈಕಿಗೆ. ಇನ್ನ ನಮ್ಮಾಕಿ ಆದ್ಲು ಬಿಡ್ರೇ.” ಮಧ್ಯಾಹ್ನ ಉಂಡ ಮೇಲೆ ಎಲ್ಲರೂ ಒಂದೊಂದು ಚೂರು ಬೆಲ್ಲ ತಿನ್ನುತ್ತಿದ್ದೆವು. ಬೆಲ್ಲ ಗಂಟಲು ತೊಳೆಯುತ್ತದೆ ಎಂದು ನಂಬಿದ್ದೆವು. ಒಂದೇ ಹೆಂಟೆ, ಒಬ್ಬಳು ಕಡಿದು ಇನ್ನೊಬ್ಬಳಿಗೆ ಕೊಡುವುದು.

ಅದಕ್ಕೂ ಎರಡು ವರ್ಷ ಮೊದಲು ನನ್ನ ಮೊದಲ ಕೂಸು ಐದನೇ ತಿಂಗಳಲ್ಲಿ ಹೋಗಿತ್ತು, ಜರಡಿಯ ಮುಂದೆ ಕುಳಿತಾಗಲೇ. ಹೀಗಾಗಿ ಎರಡನೆಯದು ನಿಂತಾಗ ಅತ್ತೆ ಸುಮ್ಮನೆ ಇರಲಿಲ್ಲ. ಅವಳೂ ಅದೇ ವಖಾರಿನಲ್ಲಿ ಇಪ್ಪತ್ತು ವರ್ಷ ದುಡಿದವಳು. ನನ್ನನ್ನು ಕರೆದುಕೊಂಡು ನೇರ ದಿವಾಣಜಿಯ ಮುಂದೆ ಹೋಗಿ ನಿಂತಳು. ಮಾಲಕರು ಅಪರೂಪಕ್ಕೆ ಬರುವವರು. ಯಾರು ಎಲ್ಲಿ ಕೂಡಬೇಕು, ಯಾರು ನಾಳೆ ಬರಬಾರದು ಎಂಬುದೆಲ್ಲ ದಿವಾಣಜಿಯ ಕೈಯಲ್ಲಿತ್ತು. ಬಾಗಿಲ ಬಳಿ ಗಾಳಿ ಬರುವಲ್ಲಿ ಅವನ ಗಾದಿ. ಮೈಮೇಲೆ ಬಿಳಿ ಧೋತರ.

“ಸಾಹೇಬರ, ಹ್ವಾದ ಸಲ ಜರಡಿ ಮುಂದ ಕೂತ ಕೂಸು ಹೋತ್ರಿ. ಈ ಸಲ ಸೊಸಿಗೆ ಒಂದೀಟ ಹಗೂರ ಕೆಲಸ ಕೊಡ್ರಿ” ಎಂದು ಅತ್ತೆ ಒಂದು ಹೆಂಟೆ ಬೆಲ್ಲ ಅವನ ಮುಂದಿಟ್ಟಳು.

“ಆತ ಬಿಡ ಮುದಕಿ. ಒಳಗಿನ ಖೋಲ್ಯಾಗ ಕೂತ ಕಡ್ಡಿ ಆರಿಸ್ಲಿ. ಗಾಳಿ ಇಲ್ಲ, ಧೂಳ ಇಲ್ಲ, ರಾಣಿಗತೆ ಇರತಾಳ” ಅಂದ.

ಅತ್ತೆ ಕೈಮುಗಿದಳು. ನಾನೂ ಮುಗಿದೆ. ಹಾಗೆ ಕೈಮುಗಿದದ್ದು ನೆನಪಾದರೆ ಇವತ್ತಿಗೂ ಅಂಗೈ ಉರಿಯುತ್ತದೆ.

ಒಳಗಿನ ಖೋಲಿಯಲ್ಲಿ ಜರಡಿಯಿಂದ ಬಂದ ಸಣ್ಣ ತಂಬಾಕು ಗುಡ್ಡೆ ಹಾಕಿರುತ್ತಿತ್ತು. ಅದರೊಳಗಿನ ಕಡ್ಡಿ ಆರಿಸಿ ಚೀಲ ತುಂಬುವುದು ಕೆಲಸ. ಆ ತಂಬಾಕು ಹಗುರ, ಗಾಳಿ ಬಂದರೆ ಹಾರುತ್ತದೆ, ಹಾರಿದ್ದು ನಷ್ಟ. ಅದಕ್ಕೆ ಆ ಖೋಲಿಯ ಒಂದೇ ಒಂದು ಕಿಟಕಿಗೆ ಹಲಗೆ ಇಟ್ಟು ಮೊಳೆ ಬಡಿದಿದ್ದರು. ಬಾಗಿಲೂ ಮುಚ್ಚಿರಬೇಕು. ಮೇಲೊಂದು ದೀಪ. ಜರಡಿಯ ಧೂಳು ಇಲ್ಲವಾದ್ದರಿಂದ ಅಲ್ಲಿ ಯಾರೂ ಬಾಯಿಗೆ ಅರಿವೆ ಕಟ್ಟುತ್ತಿರಲಿಲ್ಲ. ಕಟ್ಟಿದವಳು ಒಬ್ಬಳೇ, ತಾನವ್ವ. ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಎಲ್ಲರೂ ಕರೆಯುತ್ತಿದ್ದರು.

ತಾನವ್ವ ಐವತ್ತರ ಆಸುಪಾಸಿನ ವಿಧವೆ. ತೋಳು ಎರಡೂ ಜೋಳದ ದಂಟಿನಂತಾಗಿದ್ದವು, ಜರಡಿ ಎತ್ತಲಾಗದೆ ಆ ಖೋಲಿಗೆ ಬಂದಿದ್ದಳು. ಗುಡ್ಡೆಯ ಆ ಕಡೆ ಅವಳು, ಈ ಕಡೆ ನಾನು. ಇಬ್ಬರೇ. ಮೊದಲ ದಿನವೇ ಅವಳು ನನಗೆ ಬೆನ್ನು ಮಾಡಿ ಗೋಡೆಯ ಕಡೆ ತಿರುಗಿ ಕುಳಿತಳು. ನನಗೆ ರೇಗಿತು.

“ಮಾವಶಿ, ನನ್ನ ಮಾರಿ ನೋಡಿದ್ರ ಪಾಪ ಬರತೈತೇನ?”

“ಹಂಗಲ್ಲ ತಂಗಿ. ನನಗ ಈ ಕಡೆ ಬೆಳಕ ಛಲೋ.”

“ಗ್ವಾಡಿ ಕಡೆ ಎಂಥಾ ಬೆಳಕ ಬೇ? ಮತ್ತ ಬಾಯಿಗಿ ಅರಿಬಿ ಯಾಕ? ಇಲ್ಲಿ ಧೂಳ ಎಲ್ಲೈತಿ?”

ಅವಳು ಅರಿವೆಯ ಗಂಟು ಇನ್ನಷ್ಟು ಬಿಗಿದುಕೊಂಡಳು. ಮಧ್ಯಾಹ್ನ ಬೆಲ್ಲ ಕಡಿದು ಕೊಡಲು ಹೋದೆ. ಬೇಡ ಅಂದಳು. ಅವಳ ಬೆಲ್ಲ ಕೇಳಿದೆ, ಕೊಡಲಿಲ್ಲ. ನಾನು ಅದನ್ನು ಸೊಕ್ಕು ಅಂದುಕೊಂಡೆ. ಹೊರಗಿನ ಹೆಂಗಸರಿಗೆ ಹೇಳಿ ನಗಿಸಿದೆ. ಮತ್ತೆ ನಾನು ಮಾಡಿದ ಶಾಣ್ಯಾತನ ಕೇಳಿ: ನನ್ನ ಚೀಲ ಎಳೆದುಕೊಂಡು ಅವಳ ಮುಖದ ಕಡೆಗೇ ಹೋಗಿ ಕುಳಿತೆ. ಅವಳು ಈ ಕಡೆ ತಿರುಗಿದಳು. ನಾನು ಈ ಕಡೆ ಚೀಲ ಎಳೆದೆ. ಎರಡು ತಿಂಗಳು ಇದೇ ಆಟ. ಕೆಮ್ಮು ಬಂದಾಗ ಅವಳು ಮಂಡಿಯೊಳಗೆ ಮುಖ ಹುದುಗಿಸಿ ಕೆಮ್ಮುತ್ತಿದ್ದಳು. ವಖಾರಿನ ಕೆಮ್ಮು ಅಂದುಕೊಂಡೆ. ಅಲ್ಲಿ ಬೇರೆ ಕೆಮ್ಮೆಂಬುದು ಇದ್ದೀತು ಎಂದು ನಮಗೆ ಯಾರು ಹೇಳಿದ್ದರು?

ಆರನೇ ತಿಂಗಳು ದಾಟುವ ಹೊತ್ತಿಗೆ ನನಗೂ ಕೆಮ್ಮು ನಿಲ್ಲದಾಯಿತು. ಸಂಜೆಯಾದರೆ ಮೈ ಬಿಸಿ. ಅತ್ತೆ ದಿನಾ ನನ್ನ ಮುಖ ನೋಡಿ, “ಹೊಟ್ಟಿ ಮುಂದ ಬರಾಕತ್ತೇತಿ, ಮಾರಿ ಹಿಂದ ಹೋಗಾಕತ್ತೇತಿ. ಇದೆಂಥಾ ಬಸಿರವಾ?” ಅನ್ನುತ್ತಿದ್ದಳು. ನಿಪ್ಪಾಣಿಯಲ್ಲಿ ಒಬ್ಬ ಡಾಕ್ಟರನ ಬಳಿ ಹೋದೆ. “ಎಲ್ಲಿ ಕೆಲಸಾ?” ಅಂದ. “ವಖಾರಿನ್ಯಾಗ್ರಿ.” “ಹಂಗಾರ ತಂಬಾಕಿನ ಕೆಮ್ಮು.” ಕೆಂಪು ಔಷಧದ ಬಾಟಲಿ ಕೊಟ್ಟ. ಹದಿನೈದು ದಿನ ಬಿಟ್ಟು ಮತ್ತೆ ಹೋದೆ. ಮತ್ತೆ ಅದೇ ಬಾಟಲಿ. ಕೊರಳಲ್ಲಿ ನಳಿಗೆ ಹಾಕಿಕೊಂಡಿದ್ದ, ಅದನ್ನು ನನ್ನ ಎದೆಯ ಮೇಲೆ ಇಡಲಿಲ್ಲ. ವಖಾರು ಎಂಬ ಒಂದು ಮಾತು ಕೇಳಿದ್ದೇ ಸಾಕಾಯಿತು ಅವನಿಗೆ. ಸಾಹುಕಾರರ ಮನೆಯ ಸೊಸೆ ಕೆಮ್ಮುತ್ತ ಹೋಗಿದ್ದರೂ ಹಾಗೇ ಕಳಿಸುತ್ತಿದ್ದನೇ?

ಒಂದು ದಿನ ಬೆಳಿಗ್ಗೆ ಬಾಯಿ ಮುಕ್ಕಳಿಸಿದಾಗ ನೀರು ಕೆಂಪಾಗಿತ್ತು. ಅವತ್ತು ನಮ್ಮವರು ಕೆಲಸ ಬಿಟ್ಟು ನನ್ನನ್ನು ಬಸ್ಸು ಹತ್ತಿಸಿ ಚಿಕ್ಕೋಡಿಯ ದೊಡ್ಡ ದವಾಖಾನೆಗೆ ಕರೆದೊಯ್ದರು.

ಅಲ್ಲಿ ಒಂದು ಉದ್ದ ಬೆಂಚು. ನಾನು ಕುಳಿತು ಎರಡು ಸಲ ಕೆಮ್ಮಿದೆ, ಪಕ್ಕದಲ್ಲಿದ್ದವಳು ತನ್ನ ಮಗುವನ್ನೆತ್ತಿಕೊಂಡು ಎದ್ದು ಹೋದಳು. ಆಮೇಲೆ ಇನ್ನೊಬ್ಬಳು. ನೋಡು ನೋಡುತ್ತಿದ್ದಂತೆ ಬೆಂಚು ಪೂರಾ ನನ್ನದೇ ಆಯಿತು. ಬಸುರಿಗೆ ಜಾಗ ಬಿಟ್ಟುಕೊಡುವುದನ್ನು ಕಂಡಿದ್ದೆ, ಹೀಗೆ ಬಿಟ್ಟದ್ದನ್ನು ಕಂಡಿರಲಿಲ್ಲ. ಅಲ್ಲಿಯ ನರ್ಸಬಾಯಿ ಬಂದು ನನ್ನ ರಟ್ಟೆ ಹಿಡಿದು ಎಬ್ಬಿಸಿ ತನ್ನ ಕುರ್ಚಿಯಲ್ಲೇ ಕೂಡ್ರಿಸಿದಳು.

“ಕಿಡಕಿ ಕಡೆ ಕೂಡವಾ. ಮುಚ್ಚಿದ ಖೋಲ್ಯಾಗ ಈ ಬ್ಯಾನಿ ಬೆಳೀತೈತಿ, ಗಾಳಿ ಬೆಳಕ ಇದ್ರ ಅಂಜತೈತಿ” ಅಂದಳು.

ಆ ಮಾತು ನನ್ನ ತಲೆಯಲ್ಲಿ ಕುಳಿತುಬಿಟ್ಟಿತು. ಹೊಟ್ಟೆಗೆ ಭಾರದ ಹೊದಿಕೆ ಕಟ್ಟಿ ಎದೆಯ ಫೋಟೋ ತೆಗೆದರು. ಕಫ ನೋಡಿದರು. ಡಾಕ್ಟರಬಾಯಿ ಫೋಟೋ ಬೆಳಕಿಗೆ ಹಿಡಿದು ಹೇಳಿದಳು, “ಟಿಬಿ ಆಗೇತಿ. ಗುಳಿಗಿ ತಗೊಂಡ್ರ ನೀ ಆರಾಮ ಆಗತಿ. ಒಂದ ದಿನಾನೂ ತಪ್ಪಿಸಬಾರದು.”

“ನಂದಿರ್ಲಿ. ಕೂಸಿಂದ ಹೇಳ್ರಿ.”

“ಕೂಸಿಂದ ಈಗ ಹೇಳಾಕ ಬರೂದಿಲ್ಲ. ಹುಟ್ಟಿದ ಮ್ಯಾಲೆ ನೋಡಬೇಕ. ನೀ ಮನ್ಯಾಗ ಯಾರರ ಕೆಮ್ಮವರ ಜೋಡಿ ಇದ್ದೇನ?”

ಮನೆಯಲ್ಲಿ ಯಾರೂ ಇಲ್ಲ ಅಂದೆ. ಹೇಳುತ್ತಲೇ ಮಂಡಿಯೊಳಗೆ ಹುದುಗಿದ ಒಂದು ಮುಖ ಕಣ್ಣ ಮುಂದೆ ಬಂತು. ಗುಳಿಗೆ ಕೊಡುವ ಖೋಲಿಯ ಮುಂದೆ ಹೋದರೆ ಅಲ್ಲಿ ಗೋಡೆಗೆ ಮುಖ ಮಾಡಿ ತಾನವ್ವನೇ ಕುಳಿತಿದ್ದಳು. ಕೈಯಲ್ಲಿ ನನಗೆ ಕೊಟ್ಟಂಥದೇ ಕಾರ್ಡು, ಆದರೆ ಹಳೆಯದು, ಅಂಚು ಸವೆದದ್ದು.

ನಾನು ಏನೇನು ಬೈದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮೊಮ್ಮಗಳು ಓದುತ್ತಾಳೆ. ಕೊನೆಗೆ, “ಹೊಟ್ಟ್ಯಾಗಿನ ಕೂಸ ಕಾಣಲಿಲ್ಲೇನ ನಿನಗ? ಒಂದ ಮಾತ ಹೇಳಾಕ ನಾಲಿಗಿ ಬಿದ್ದ ಹೋಗಿತ್ತೇನ?” ಅಂದೆ. ನಮ್ಮವರು ನನ್ನ ಕೈ ಜಗ್ಗುತ್ತಿದ್ದರು.

ತಾನವ್ವ ಬಾಯಿಗೆ ಸೆರಗು ಒತ್ತಿಕೊಂಡು ಹೇಳಿದಳು. “ನಿನಗ ಹೇಳಲಿಲ್ಲ, ಖರೆ. ದಿವಾಣಜಿಗೆ ಹೇಳೇನಿ. ನೀ ಬಂದ ಮೊದಲನೇ ದಿನಾನ ಹೇಳೇನಿ. ಕಾರ್ಡ ತೋರಿಸಿ, ಬಸುರಿ ಹೆಂಗಸನ್ನ ನನ್ನ ಮುಂದ ಕೂಡಸಬ್ಯಾಡ್ರಿ ಅಂದೆ. ಜರಡಿ ಹಿಡಿಯಾಕ ಬರದವರಿಗೆ ಇರೂದ ಒಂದ ಖೋಲಿ, ಬಾಯಿ ಬಿಟ್ರ ಮನಿಗೆ ನಡಿ ಅಂದಾ. ಕಿಡಕಿಯರ ತಗಸ್ರಿ ಅಂದೆ. ತಂಬಾಕ ಹಾರತೈತಿ ಅಂದಾ. ಮನಿಗೆ ಹೋದ್ರ ನನಗ ಯಾರ ಹಾಕ್ತಾರ ತಂಗಿ? ಅದಕ್ಕ ಬೆನ್ನ ಮಾಡಿ ಕೂತೆ. ನೀ ಬಿಡಲಿಲ್ಲ.”

ನೀ ಬಿಡಲಿಲ್ಲ. ಚೀಲ ಎಳೆದುಕೊಂಡು ಅವಳ ಮುಖದ ಕಡೆಗೆ ಹೋದವಳು ನಾನೇ. ಅವಳು ಸೊಂಟದಿಂದ ಕಾಗದದ ಪೊಟ್ಟಣ ತೆಗೆದಳು. ಒಳಗೆ ಬೆಲ್ಲ. “ಇದಕ್ಕ ನನ್ನ ಬಾಯಿ ಹತ್ತಿಲ್ಲ. ಹಂಗ ಐತಿ, ತಗೋ” ಅಂದಳು. ನಾನು ತೆಗೆದುಕೊಳ್ಳಲಿಲ್ಲ. ಅವಳನ್ನು ನೋಡಿದ್ದು ಅದೇ ಕೊನೆ. ಅಂಕಲಿಯಲ್ಲಿದ್ದ ಮಗಳ ಮನೆಗೆ ಹೋದಳಂತೆ. ಕೆಲಸ ತಪ್ಪೀತೆಂದು ಅಂಜಿ ಗುಳಿಗೆಗೆ ನಡುನಡುವೆ ಬರದೇ ಬಿಟ್ಟಿದ್ದಳು. ಆ ಮಳೆಗಾಲ ದಾಟಲಿಲ್ಲ.

ಮರುದಿನ ನಮ್ಮವರು ವಖಾರಿಗೆ ಹೋಗಿ ಕೇಳಿದರು. ದಿವಾಣಜಿ ಗಾದಿಯಿಂದ ಏಳಲೂ ಇಲ್ಲವಂತೆ. “ನಿನ್ನ ಹೆಂತಿಗೆ ಎಲ್ಲಿ ಹತ್ತಿತೋ ಯಾರ ಕಂಡಾರ? ಹಗೂರ ಕೆಲಸ ಕೊಟ್ಟದ್ದು ನಂದ ತಪ್ಪೇನ? ಇನ್ನ ಮ್ಯಾಲೆ ಆಕಿ ಬರೂದ ಬ್ಯಾಡ. ವಖಾರಿನ ಹೆಸರ ಕೆಡತೈತಿ” ಅಂದನಂತೆ. ಹೆಸರು ಕೆಡುತ್ತದಂತೆ! ನನ್ನ ಎದೆ ಕೆಟ್ಟದ್ದಕ್ಕೆ ಲೆಕ್ಕವಿಲ್ಲ, ವಖಾರಿನ ಹೆಸರಿಗೆ ಧಕ್ಕೆ ಆಗಬಾರದು. ನಮ್ಮವರು ಜಗಳದ ಮನುಷ್ಯರಲ್ಲ. ಬಂದು ಹಲಗೆ ತೀಡುತ್ತ ಕುಳಿತರು. ಅವತ್ತು ತೀಡಿದ ಹಲಗೆ ಎಷ್ಟು ತೆಳುವಾಗಿತ್ತೆಂದರೆ ಯಾವ ಬಂಡಿಗೂ ಬರಲಿಲ್ಲ.

ಆಮೇಲಿನ ಎರಡು ತಿಂಗಳು ನನ್ನ ತಾಟು ಬೇರೆ, ತಂಬಿಗೆ ಬೇರೆ. ಜೊತೆಗೆ ನಡೆಯುತ್ತಿದ್ದ ಹೆಂಗಸರು ನಮ್ಮ ಬಾಗಿಲ ಮುಂದಿನ ದಾರಿ ಬಿಟ್ಟು ಸುತ್ತು ಹಾಕಿ ಹೋಗತೊಡಗಿದರು. ಕೆಮ್ಮುವ ವಖಾರಿಗೆ ಹೋಗಲು ಅಂಜಿಕೆಯಿಲ್ಲ, ನನ್ನ ಬಾಗಿಲಿಗೆ ಅಂಜಿಕೆ. ಅತ್ತೆ ನನ್ನನ್ನು ಬೈಯಲಿಲ್ಲ. ಮಾತೇ ಬಿಟ್ಟಳು. ಗುಳಿಗೆಯ ಹೊತ್ತಿಗೆ ಮಾತ್ರ ತಂಬಿಗೆ ನೀರು ತಂದು ನೆಲಕ್ಕೆ ಕುಕ್ಕಿ, ನಾನು ನುಂಗುವ ತನಕ ನಿಂತು ನೋಡುತ್ತಿದ್ದಳು. ಆ ಖೋಲಿಯನ್ನು ಬೇಡಿ ತಂದವಳು ತಾನೇ ಎಂಬುದು ಅವಳನ್ನು ತಿನ್ನುತ್ತಿತ್ತು. ನನಗೆ ಗೊತ್ತಿತ್ತು. ನಿಮ್ಮ ತಪ್ಪಲ್ಲ ಎಂದು ನಾನೂ ಹೇಳಲಿಲ್ಲ.

ಚಿಕ್ಕೋಡಿಯಲ್ಲೇ ಹೆರಿಗೆಯಾಯಿತು. ಹೆಣ್ಣು. ಬೆಕ್ಕಿನ ಮರಿಯಷ್ಟಿತ್ತು, ಆದರೆ ಕೂಗಿದ್ದು ಅಂಗಳದವರೆಗೆ ಕೇಳಿತಂತೆ. ನನ್ನ ಕೈಗೆ ಕೊಡುವ ಮೊದಲೇ ಅತ್ತೆ ಎತ್ತಿಕೊಂಡು ಹೊರಗೆ ಹೋದಳು.

“ಅತ್ತಿ, ಕೂಸ ಕೊಡ್ರಿ.”

“ಬ್ಯಾಡ. ನಿನ್ನ ಉಸರ ಹತ್ತಬಾರದು. ಆಡಿನ ಹಾಲ ಹಾಕಿ ನಾ ಬೆಳಸ್ತೇನಿ.”

ಎರಡು ದಿನ ನನ್ನ ಕೂಸಿನ ಅಳು ಕೇಳಿದೆ, ಕೂಸನ್ನು ಮುಟ್ಟಲಿಲ್ಲ. ಎದೆ ಕಲ್ಲಾಗಿ, ಹಾಲು ಸೋರಿ ಕುಪ್ಪಸ ತೊಯ್ದು ಹೋಗುತ್ತಿತ್ತು. ಮೂರನೆಯ ದಿನ ಆ ನರ್ಸಬಾಯಿಯೇ ಅತ್ತೆಯನ್ನು ಹಿಡಿದು ನಿಲ್ಲಿಸಿದಳು. “ಯವ್ವಾ, ಬ್ಯಾನಿ ಇರೂದು ಹಾಲಿನ್ಯಾಗಲ್ಲ. ಎರಡ ತಿಂಗಳ ಗುಳಿಗಿ ನುಂಗ್ಯಾಳ, ಕಫ ಈಗ ಸ್ವಚ್ಛ ಐತಿ. ಬಾಯಿಗಿ ಅರಿಬಿ ಕಟ್ಟಿಕೊಂಡ ಕುಡಸ್ಲಿ. ಕೂಸಿಗೂ ಔಷಧ ಕೊಡ್ತೇವಿ. ನಿನ್ನ ಆಡ ಏನ ಡಾಕ್ಟರ ಆಗೇತೇನ?”

ಅತ್ತೆ ಸಂಜೆಯ ಬಸ್ಸಿಗೆ ಊರಿಗೆ ಹೋದಳು. ಮರುದಿನ ಬಂದಾಗ ಕೈಯಲ್ಲಿ ಮಡಚಿದ ಹಳೆಯ ಅರಿವೆ. ಇಪ್ಪತ್ತು ವರ್ಷ ಜರಡಿಯ ಮುಂದೆ ಅವಳು ಮೂಗಿಗೆ ಕಟ್ಟಿಕೊಂಡದ್ದು. ಕುದಿಸಿ ಒಣಗಿಸಿ ತಂದಿದ್ದಳು. ತಾನೇ ನನ್ನ ತಲೆಯ ಹಿಂದೆ ಗಂಟು ಬಿಗಿದಳು, ಕೂದಲು ಕಿತ್ತು ಬರುವಷ್ಟು ಬಿಗಿ. ಆಮೇಲೆ ಕೂಸನ್ನು ಮಡಿಲಿಗೆ ಹಾಕಿದಳು. ತಂಬಾಕಿನ ವಾಸನೆ ಆ ಅರಿವೆಯಿಂದ ಇನ್ನೂ ಹೋಗಿರಲಿಲ್ಲ.

ಕೂಸಿಗೆ ಬೇನೆ ಹತ್ತಿದೆಯೋ ಇಲ್ಲವೋ ಎಂಬುದು ಗೊತ್ತಾಗಲು ಮೂರು ತಿಂಗಳು ತುಂಬಬೇಕಾಯಿತು. ತೋಳಿನ ಮೇಲೆ ಸಣ್ಣ ಸೂಜಿ ಚುಚ್ಚಿ, ಮೂರು ದಿನ ಬಿಟ್ಟು ಬನ್ನಿರಿ ಅಂದರು. ಬಾತು ಗಡ್ಡೆ ಕಟ್ಟಿದರೆ ಹತ್ತಿದೆ ಎಂದು, ಕಟ್ಟದಿದ್ದರೆ ಇಲ್ಲ. ಆ ಮೂರು ದಿನ ಮನೆಯಲ್ಲಿ ಯಾರೂ ನೆಟ್ಟಗೆ ಉಣ್ಣಲಿಲ್ಲ. ಅತ್ತೆ ಗಳಿಗೆಗೊಮ್ಮೆ ತೊಟ್ಟಿಲಿಗೆ ಬಗ್ಗಿ ತೋಳು ನೋಡುವುದು. ಎರಡನೆಯ ದಿನ ಒಂದು ಕೆಂಪು ಚುಕ್ಕೆ ಕಂಡಿತು. ಅತ್ತೆ, “ಸೊಳ್ಳಿ ಕಡದೈತಿ” ಅಂದಳು. “ಸೊಳ್ಳಿ ಸೂಜಿ ಚುಚ್ಚಿದಲ್ಲೇ ಬಂದ ಕಡಿತೈತೇನ್ರಿ?” ಅಂದೆ. ಐದು ತಿಂಗಳಾದ ಮೇಲೆ ನಾವಿಬ್ಬರು ಜಗಳಾಡಿದ್ದು ಅದೇ ಮೊದಲು. ನನಗೆ ಎಷ್ಟೋ ಹಗುರವಾಯಿತು.

ಮೂರನೆಯ ದಿನ ಡಾಕ್ಟರಬಾಯಿ ಕೂಸಿನ ತೋಳನ್ನು ಬೆರಳಿನಿಂದ ಸವರಿ ನೋಡಿದಳು. ಮತ್ತೆ ಸವರಿದಳು. “ಏನೂ ಇಲ್ಲ. ನಿನ್ನ ಮಗಳು ಗಟ್ಟಿ ಅದಾಳ. ಲಸಿ ಹಾಕ್ತೇನಿ, ಕರಕೊಂಡ ಹೋಗ” ಅಂದಳು. ನಾನು ಅಳಲಿಲ್ಲ. ಅತ್ತೆ ಅತ್ತಳು, ಅದೂ ಬಸ್ಸಿನಲ್ಲಿ, ಎಲ್ಲರ ಮುಂದೆ.

ಅವತ್ತೇ ಸಂಜೆ ಅಕ್ಕೋಳದಲ್ಲಿ ಬಸ್ಸಿಳಿದು ಬರುವಾಗ ವಖಾರಿನಿಂದ ಮರಳುತ್ತಿದ್ದ ಮಂಗಲಾ ಎದುರಾದಳು. ನಮ್ಮ ಹಿಂದಿನ ಓಣಿಯ ಸೊಸೆ, ಐದು ತಿಂಗಳ ಬಸುರಿ. ನನ್ನನ್ನು ಕಂಡು ದಾರಿ ಬಿಟ್ಟು ಹೋಗದವಳು ಅವಳೊಬ್ಬಳೇ.

“ಅಕ್ಕಾ, ದಿವಾಣಜಿ ಭಾಳ ದೊಡ್ಡ ಮನಸ್ಸಿನಂವ ನೋಡ. ನಮ್ಮತ್ತಿ ಹೋಗಿ ಕೇಳಿದ್ದಕ್ಕ ಒಳಗಿನ ಖೋಲಿ ಕೊಟ್ಟಾನ. ನೀ ಕೂಡ್ತಿದ್ದೆಲ್ಲ, ಅದ ಜಾಗಾ.”

“ಮತ್ಯಾರದಾರ ಒಳಗ?”

“ಇಬ್ಬರ ಮುದುಕ್ಯಾರು. ಕೆಮ್ಮಿ ಕೆಮ್ಮಿ ಜೀವಾ ತಿಂತಾವ. ವಖಾರಿನ ಕೆಮ್ಮಲ್ಲ, ನಮಗೇನ ಹೊಸಾದ?”

“ಆ ಖೋಲ್ಯಾಗ ಹೋಗಬ್ಯಾಡ ಮಂಗಲಾ. ನನಗ ಹತ್ತಿದ್ದ ಅಲ್ಲೆ.”

ಅವಳ ಮುಖ ಸಣ್ಣದಾಯಿತು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, “ಅಲ್ಲಿ ಕೂಡೂದಿಲ್ಲಂದ್ರ ಜರಡಿಗೆ ಹಾಕ್ತಾನಕ್ಕಾ. ನಿಂದ ಮೊದಲಿಂದು ಹ್ವಾದದ್ದು ಜರಡಿ ಮುಂದ ಅಲ್ಲ?” ಅಂದಳು.

ಹೌದಲ್ಲ. ಹೊರಗೆ ಕುಳಿತರೆ ಜೀವ ಒಂದು ರೀತಿ ಹೋಗುತ್ತದೆ, ಒಳಗೆ ಕುಳಿತರೆ ಇನ್ನೊಂದು ರೀತಿ. ಇದನ್ನೇ ಹಗುರ ಕೆಲಸ ಅನ್ನುತ್ತಾರೆ. ಅವಳಿಗೆ ಕೊಡಲು ನನ್ನ ಬಳಿ ಬೇರೆ ಕೆಲಸವಿರಲಿಲ್ಲ. ಸುಮ್ಮನೆ ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಕೂಸಿಗೆ ಹಾಲು ಕುಡಿಸಿ ಅತ್ತೆಯ ಕೈಗೆ ಕೊಟ್ಟೆ. ಮುಖಕ್ಕೆ ಅದೇ ಅರಿವೆ ಕಟ್ಟಿಕೊಂಡೆ. ನಮ್ಮವರ ಹತಾರಗಳ ಚೀಲದಿಂದ ಮೊಳೆ ಕೀಳುವ ಸುತ್ತಿಗೆ ತೆಗೆದೆ.

“ಎಲ್ಲಿಗೆ ಹೊಂಟಿ?” ಅತ್ತೆ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು.

“ವಖಾರಿಗೆ. ಕಿಡಕಿ ಮಳಿ ಕೀಳಾಕ.”

ಅವಳ ಕೈ ನಿಂತಿತು. ಬೈಯುತ್ತಾಳೆ ಅಂದುಕೊಂಡೆ. “ಅದರಲೆ ಬರೂದಿಲ್ಲ” ಅಂದಳು. “ಬಂಡಿ ಮಳಿ ಅವು. ಬಡಿವಾಗ ಹಲಗಿ ಹಿಡಕೊಂಡಾಕಿ ನಾನ. ದೊಡ್ಡದ ತಗೋ.”

ದೊಡ್ಡದನ್ನು ಸೀರೆಯೊಳಗೆ ಸಿಕ್ಕಿಸಿಕೊಂಡು ನಡೆದೆ. ದಿವಾಣಜಿ ಇನ್ನೂ ಬಂದಿರಲಿಲ್ಲ. ಜರಡಿ ಹೆಂಗಸರ ನಡುವೆ ಹಾಯ್ದು ಒಳಗಿನ ಖೋಲಿಗೆ ಹೋದೆ. ಮಂಗಲಾ ಮತ್ತು ಇಬ್ಬರು ಮುದುಕಿಯರು ಬೆರಗಾಗಿ ನೋಡಿದರು. ಮೊದಲನೆಯ ಮೊಳೆ ಕಿರುಚಿಕೊಂಡು ಬಂತು. ಉಳಿದವೂ ಬಂದವು, ಕಿರುಚುತ್ತಲೇ. ಮಂಗಲಾ ಎದ್ದು ಬಂದು ಹಲಗೆಯ ಒಂದು ಬದಿ ಹಿಡಿದಳು. ಹಲಗೆ ತೆಗೆದೊಡನೆ ಗಾಳಿ ಒಳಗೆ ನುಗ್ಗಿ ಗುಡ್ಡೆಯ ನೆತ್ತಿಯ ತಂಬಾಕನ್ನು ಎತ್ತಿಕೊಂಡು ಹೋಯಿತು. ಆಗಷ್ಟೇ ವಖಾರಿಗೆ ಬಂದಿದ್ದ ದಿವಾಣಜಿ ಸದ್ದು ಕೇಳಿ ಓಡಿ ಬಂದು ಬಾಗಿಲು ತೆಗೆದ. ತಂಬಾಕು ಪೂರಾ ಅವನ ಮುಖಕ್ಕೇ ಬಂತು. “ಏ, ಯಾರ ಬೇ ಅದು” ಎಂದು ಕೂಗಲು ಹೋದವನು ಕೆಮ್ಮತೊಡಗಿದ. ಧೋತರ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ ಕೆಮ್ಮಿದ. ಹೊರಗಿನಿಂದ ಯಾವಳೋ ಕೂಗಿದಳು, “ತಂಬಾಕ ಹತ್ತೇತ್ರೇ ದಿವಾಣಜಿಗೆ!”

ಮಂಗಲಾಳ ಚೀಲವನ್ನು ಕಿಟಕಿಯ ಕೆಳಗೆ ಎಳೆದು ಹಾಕಿದೆ. ಇಬ್ಬರು ಮುದುಕಿಯರಿಗೂ ಚಿಕ್ಕೋಡಿಗೆ ಯಾವ ಬಸ್ಸು ಹೋಗುತ್ತದೆ ಎಂದು ಹೇಳಿದೆ. ದಿವಾಣಜಿಯ ಕೆಮ್ಮು ನಿಲ್ಲುವ ತನಕ ಕಾಯಲಿಲ್ಲ, ಕೂಸಿಗೆ ಹಸಿವಾಗುವ ಹೊತ್ತಾಗಿತ್ತು. ಮೊಳೆಗಳನ್ನು ಒಂದೂ ಬಿಡದೆ ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಹೊರಟೆ. ಬಿಟ್ಟು ಬಂದಿದ್ದರೆ ಮತ್ತೆ ಅಲ್ಲಿಯೇ ಬಡಿಯುತ್ತಿದ್ದರು.